ಎರಡು ಎತ್ತಿಗೆ ಬಂದ ಇಟಲಿಯ ಕಾರು

ನಮ್ಮ ಮನೆಯ ಕಾರಿಗೆ ಅವ್ವ ಎರಡು ಎತ್ತು ಕೊಟ್ಟಿದ್ದಳು. ಈ ಮಾತು ಹೇಳಿದಾಗೆಲ್ಲ ನಮ್ಮ ಶಾಲೆಯ ಟೀಚರುಗಳು ನಗುತ್ತಾರೆ. ತಮಿಳುನಾಡಿನ ಮೆಟ್ಟೂರಿನ ಶಾಲೆಯೊಂದರಲ್ಲಿ ನಾನು ಗಣಿತ ಹೇಳಿಕೊಡುತ್ತೇನೆ. ತಮಾಷೆ ಮಾಡುವವಳೆಂದು ನನಗೆ ಹೆಸರಿಲ್ಲ. ಆದರೂ ನಂಬುವುದಿಲ್ಲ. ಕೊಳತ್ತೂರಿನ ಹತ್ತಿರದ ನಮ್ಮ ಊರಿಗೆ ಕರೆತಂದು, ದನದ ಕೊಟ್ಟಿಗೆಯ ಪಕ್ಕದ ತಗಡಿನ ಶೆಡ್ಡಿನ ಬಾಗಿಲು ತೆಗೆದು ತೋರಿಸಿದ ಮೇಲೆ ನಂಬುತ್ತಾರೆ. ಒಳಗೆ ನಿಂತಿರುವುದು ಇಟಲಿಯಲ್ಲಿ ತಯಾರಾದ ಹಳೆಯ ಕಾರು. ಇಬ್ಬರೇ ಕೂರಬಹುದು. ಮೇಲೆ ತಗಡಿಲ್ಲ, ಬಟ್ಟೆಯ ಹೊದಿಕೆ; ಬೇಡವೆಂದರೆ ಹಿಂದಕ್ಕೆ ಮಡಚಿಡಬಹುದು. ಬಣ್ಣ ಹಸುವಿನ ಗಿಣ್ಣಿನದು. ಇಂಥವು ದೇಶದಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿವೆಯಂತೆ.

ನಾನು ಓದಿದ್ದೆಲ್ಲ ತಮಿಳಿನಲ್ಲಿ. ಕನ್ನಡ ನಮ್ಮ ಮನೆಯ ಮಾತು. ಮಾದೇಶ್ವರನ ಬೆಟ್ಟಕ್ಕೆ ಹೋಗುವ ಬಸ್ಸುಗಳ ಬೋರ್ಡು ನೋಡಿ ಅಕ್ಷರ ಕೂಡಿಸಲು ಕಲಿತೆ, ಆಮೇಲೆ ಸಿಕ್ಕ ಪುಸ್ತಕಗಳನ್ನು ಓದಿ ಓದಿ ಬರೆಯುವುದನ್ನು ರೂಢಿ ಮಾಡಿಕೊಂಡೆ. ಅವ್ವನ ಕಾರಿನ ಕಥೆಯನ್ನು ಅವಳು ಹೇಳಿದ ಭಾಷೆಯಲ್ಲೇ ಬರೆದಿಡಬೇಕೆಂಬ ಆಸೆ ಬಹಳ ದಿನದ್ದು.

ಅವ್ವನ ತವರು ಕಾವೇರಿಯ ಆಚೆ ದಡದಲ್ಲಿ, ಧರ್ಮಪುರಿ ಜಿಲ್ಲೆಯಲ್ಲಿದೆ. ಮೆಟ್ಟೂರು ಅಣೆಕಟ್ಟು ತುಂಬಿದಾಗ ಅವರ ಹೊಲದ ಬದುವಿನವರೆಗೂ ನೀರು ಬರುತ್ತದೆ. ಬೇಸಿಗೆಯಲ್ಲಿ ಅದೇ ನೀರು ದೂರ ಸರಿದು, ಒಡೆದ ಮಣ್ಣಿನ ದೊಡ್ಡ ಬಯಲೊಂದನ್ನು ಬಿಟ್ಟುಹೋಗುತ್ತದೆ. ತಾತನಿಗೆ ರಾಗಿ, ಹುರುಳಿ ಬೆಳೆಯುವ ಹೊಲವಿತ್ತು, ಹುಣಸೆಮರಗಳಿದ್ದವು. ಮಕ್ಕಳಲ್ಲಿ ಅವ್ವನೇ ದೊಡ್ಡವಳು. ಅವಳಿಗೆ ಹದಿಮೂರೋ ಹದಿನಾಲ್ಕೋ ಇದ್ದಾಗ ಮನೆಯ ಆಲಂಬಾಡಿ ಹಸು ಹಾವು ಕಚ್ಚಿ ಸತ್ತಿತು. ಆಲಂಬಾಡಿ ನಮ್ಮ ಕಡೆಯ ತಳಿ: ಬೂದು ಮೈ, ಹಿಂದಕ್ಕೆ ಬಾಗಿದ ಉದ್ದ ಕೊಂಬು, ಹೊಸಬರು ಹತ್ತಿರ ಬಂದರೆ ಬುಸುಗುಡುವ ಸ್ವಭಾವ. ಸತ್ತ ಹಸುವಿನ ಗಂಡುಕರು ಇನ್ನೂ ಹಾಲು ಬಿಟ್ಟಿರಲಿಲ್ಲ. ಅವ್ವ ಅದಕ್ಕೆ ಮೇಕೆ ಹಾಲು, ರಾಗಿ ಗಂಜಿ ಕುಡಿಸಿ ಉಳಿಸಿಕೊಂಡಳು. ಜೋಡಿಯಾಗಲೆಂದು ತಾತ ಇನ್ನೊಂದು ಕರುವನ್ನು ತಂದು ಅವಳ ಕೈಗೇ ಕೊಟ್ಟ. ಅವೆರಡನ್ನೂ ಬೆಳೆಸಿ, ಗಾಡಿಗೆ ಹೂಡಿ ಪಳಗಿಸಿದ್ದು ಅವಳೇ. ಬೇರೆ ಯಾರು ಹಗ್ಗ ಹಿಡಿದರೂ ಕೊಂಬು ತಿರುಗಿಸುತ್ತಿದ್ದವಂತೆ.

ಅವಳಿಗೆ ಹದಿನೇಳಾದ ವರ್ಷ, ಹುಣಸೆ ಹಣ್ಣಿನ ಕಾಲದಲ್ಲಿ, ಶಂಕಗಿರಿಯಿಂದ ಒಂದು ಲಾರಿ ಬಂತು. ಹೊಸ ಊರಿಗೆ ಲಾರಿ ಹೋಗುವಾಗ ಅದರ ಯಜಮಾನರು ಡ್ರೈವರನ ಪಕ್ಕ ತಾವೇ ಕೂತು ಬರುತ್ತಿದ್ದರು. ಯಜಮಾನರನ್ನು ನಮ್ಮಲ್ಲಿ ತಮಿಳಿನಂತೆ ಮೊದಲಾಳಿ ಅನ್ನುವುದು ವಾಡಿಕೆ. ಅವ್ವ ಇಂದಿಗೂ ಅವರನ್ನು ಹಾಗೇ ಕರೆಯುತ್ತಾಳೆ. ಮೂಟೆ ತುಂಬಿಸಿಕೊಂಡು ಹೊರಟ ಡ್ರೈವರು ದಾರಿ ಉಳಿಯುತ್ತದೆಂದು ನೀರು ಸರಿದ ಬಯಲಿಗೆ ಲಾರಿ ಇಳಿಸಿದ. ಮೇಲೆ ಒಣಗಿ ಗಟ್ಟಿಯಾಗಿ ಕಾಣುವ ಆ ಮಣ್ಣಿನ ಕೆಳಗೆ ಕೆಸರಿರುತ್ತದೆ. ಹಿಂದಿನ ಗಾಲಿಗಳು ಅರ್ಧ ಹೂತುಹೋದವು. ಮೂಟೆಗಳನ್ನೆಲ್ಲ ಇಳಿಸಿದರು, ಗಾಲಿಯ ಕೆಳಗೆ ಸೊಪ್ಪು ಕಲ್ಲು ಹಾಕಿದರು, ಊರಿನವರೆಲ್ಲ ಸೇರಿ ನೂಕಿದರು. ಲಾರಿ ಮಿಸುಕಲಿಲ್ಲ.

ಆಗ ಅವ್ವ ತನ್ನ ಜೋಡಿಯನ್ನು ಹೊಡೆದುಕೊಂಡು ಬಂದಳು. ಸರಪಳಿ ಕಟ್ಟಿಸಿ, ಎರಡೂ ಎತ್ತುಗಳ ನಡುವೆ ನಿಂತು ಕಿವಿಯ ಹತ್ತಿರ ಏನೋ ಹೇಳಿದಳಂತೆ. ಏನು ಹೇಳಿದೆ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ.

"ಏನಿಲ್ಲ. ಇನ್ನೊಂದ್ಕಿತ ಎಳೀರಪ್ಪ, ಆಮ್ಯಾಕೆ ಮನೀಗೋಗಾನ ಅಂದೆ," ಅನ್ನುತ್ತಾಳೆ.

ಡ್ರೈವರು ಎಂಜಿನ್ ಜೋರು ಮಾಡಿದ, ಎತ್ತುಗಳು ಮಂಡಿ ಊರಿ ಎಳೆದವು, ಲಾರಿ ಮೇಲೆ ಬಂತು. ಮೊದಲಾಳಿ ತಾವು ಉಟ್ಟಿದ್ದ ಬಿಳಿ ಪಂಚೆಯೆಲ್ಲ ಕೆಸರಾಗಿದ್ದರೂ ಅದನ್ನು ಗಮನಿಸದೆ ಎತ್ತುಗಳ ಸುತ್ತ ಒಂದು ಸುತ್ತು ಬಂದರು. ಅವರ ಮನೆತನ ಬೇಸಾಯದ್ದೇ. ಲಾರಿ ಆಮೇಲೆ ಬಂದದ್ದು.

"ಈ ಜೋಡಿ ನನಗೆ ಬೇಕು. ಹೇಳಿ, ಏನು ಕೊಡಲಿ?" ಎಂದು ತಾತನನ್ನು ಕೇಳಿದರು.

"ಎತ್ತು ನಮ್ಮುಡುಗೀದು ಮೊದಲಾಳಿ. ಅವಳನ್ನೇ ಕೇಳಿ," ಅಂದ ತಾತ.

ಅವ್ವ ಆಗೋದಿಲ್ಲ ಅಂದಳು. ಆ ಬೇಸಿಗೆಯಿಡೀ ಹಣ್ಣಿಗೆ ಲಾರಿ ಬಂದಾಗೆಲ್ಲ ಮೊದಲಾಳಿಯೂ ಬಂದು ಕೇಳಿದರು. ಕೊನೆಗೆ ಅವರೇ ಒಂದು ದಾರಿ ಹುಡುಕಿದರು. "ನೀನೇ ಶಂಕಗಿರಿಗೆ ಬಾರಮ್ಮ. ನನ್ನ ತೋಟ ನೋಡು, ಕೊಟ್ಟಿಗೆ ನೋಡು, ನೀರು ನೋಡು. ಸರಿ ಅನ್ನಿಸಿದರೆ ಕೊಡು, ಇಲ್ಲವಾದರೆ ಊಟ ಮಾಡಿಕೊಂಡು ಹೋಗು," ಅಂದರು. ತಾತನೂ ಮಗಳೂ ಲಾರಿ ಹತ್ತಿ ಹೋದರು.

ತೋಟ ಅವಳಿಗೆ ಹಿಡಿಸಿತು. ಕೋಟೆ ಬೆಟ್ಟದ ಬುಡದಲ್ಲಿ ಬಾವಿ, ಬೇವಿನ ನೆರಳು, ಗಾಳಿಯಾಡುವ ಕೊಟ್ಟಿಗೆ. ಅಲ್ಲಿಂದ ಲಾರಿ ಶೆಡ್ಡಿಗೆ ಬಂದಾಗ ಅದರ ಮೂಲೆಯಲ್ಲಿ, ಹರಿದ ತಾರ್ಪಾಲಿನ ಕೆಳಗೆ ಏನೋ ಇರುವುದು ಕಂಡಿತು. ಕೋಳಿಯೊಂದು ಅದರೊಳಗಿಂದ ಇಳಿದು ಬಂತು. ಅವ್ವ ತಾರ್ಪಾಲು ಸರಿಸಿ ನೋಡಿದಳು. ಸೀಟಿನ ಮೇಲೆ ಮೊಟ್ಟೆಗಳಿದ್ದವು. ಅವನ್ನು ಪಕ್ಕಕ್ಕಿಟ್ಟು ಹತ್ತಿ ಕೂತಳು.

ಆ ಕಾರು ಅಲ್ಲಿಗೆ ಬಂದ ಬಗೆಯನ್ನು ಮೊದಲಾಳಿ ಆ ದಿನವೇ ಹೇಳಿದರು. ಏರ್ಕಾಡಿನಲ್ಲಿ ಕಾಫಿ ತೋಟ ಮಾಡಿದ್ದ ಒಬ್ಬ ಬಿಳಿಯ ದೊರೆ ಅದನ್ನು ಹಡಗಿನಲ್ಲಿ ಮದರಾಸಿಗೆ ತರಿಸಿ, ಬೆಟ್ಟದ ತಿರುವುಗಳಲ್ಲಿ ಓಡಿಸುತ್ತಿದ್ದನಂತೆ. ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಸೇಲಂನಲ್ಲಿ ಸಿನಿಮಾದವರಿಗೆ ಸಾಮಾನು ಬಾಡಿಗೆಗೆ ಕೊಡುವವರೊಬ್ಬರು ಕೊಂಡರು. ಎಷ್ಟೋ ಹಾಡುಗಳಲ್ಲಿ ನಾಯಕ ನಾಯಕಿಯರು ಅದರಲ್ಲಿ ಕೂತು ಕೈಬೀಸಿದರು. ಬಹಳ ಸಲ ಅದು ಓಡುತ್ತಲೇ ಇರಲಿಲ್ಲ, ಹಿಂದಿನಿಂದ ಆಳುಗಳು ನೂಕುತ್ತಿದ್ದರಂತೆ. ಆ ವ್ಯಾಪಾರ ನಿಂತಾಗ ಸೆಟ್ಟಿನ ಸಾಮಾನು ಸಾಗಿಸುತ್ತಿದ್ದ ಮೊದಲಾಳಿ ಕಾರನ್ನು ಇಷ್ಟಪಟ್ಟು ಕೊಂಡರು. ಒಂದು ವರ್ಷ ಓಡಿಸಿದರು. ಆಮೇಲೆ ಬಿಡಿಭಾಗ ಸಿಗದೆ ಅದು ನಿಂತಿತು.

ಹೊರಡುವ ಮುಂಚೆ ಅವ್ವ ಎತ್ತು ಕೊಡಲು ಒಪ್ಪಿದಳು. ಆದರೆ ದುಡ್ಡು ಬೇಡವೆಂದಳು. ಸಾಕಿದ ಜೀವವನ್ನು ನೋಟು ಎಣಿಸಿ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಮೊದಲಾಳಿ ನಗುತ್ತ ಕೈ ಚಾಚಿ, "ಹಾಗಾದರೆ ಈ ಶೆಡ್ಡಿನಲ್ಲಿ ಎನ್ನ ವೇಣುಮೋ ಎಡುತ್ತುಕ್ಕೋ, ಏನು ಬೇಕೋ ತೆಗೆದುಕೋ," ಅಂದರು. ಲಾರಿ ಟೈರು, ಹಗ್ಗ, ಒಂದು ಹಳೆಯ ನೀರೆತ್ತುವ ಎಂಜಿನ್, ಎಲ್ಲ ಅಲ್ಲಿದ್ದವು.

"ಆ ವಂಡಿ ಕೊಡಿ," ಅಂದಳು ಅವ್ವ, ಕಾರನ್ನು ತೋರಿಸಿ.

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ತಾತ, "ಏನ್ಲೇ ನೀನು, ಅದು ಓಡಾಕಿಲ್ಲ ಕಣೇ," ಅಂದ. ಮೊದಲಾಳಿ ಮಾತ್ರ ನಗಲಿಲ್ಲ. ಅವರಿಗೂ ಆ ಕಾರಿನ ಮೇಲೆ ಮೋಹವಿತ್ತು. ಅದರ ಬಾಗಿಲಿನ ಮೇಲೆ ಕೈಯಿಟ್ಟು, "ಮಾತು ಆಡಿದ ಮೇಲೆ ಆಯಿತು. ನಿನ್ನದೇ," ಅಂದರು. ಅವ್ವ ಒಂದು ಮಾತು ತೆಗೆದುಕೊಂಡಳು: ಎತ್ತುಗಳನ್ನು ಯಾರಿಗೂ ಮಾರಬಾರದು, ಒಂದನ್ನು ಬಿಟ್ಟು ಒಂದನ್ನು ಇಡಬಾರದು. ಅವರು ಒಪ್ಪಿದರು.

ಯಾಕೆ ಆ ಕಾರೇ ಬೇಕೆನ್ನಿಸಿತು ಎಂದು ಕೇಳಿದರೆ ಅವ್ವ ಹೇಳುತ್ತಾಳೆ: "ಅದರಾಗೆ ಕೂತ್ರೆ ನಮ್ಮ ಎತ್ತಿನ ಗಾಡಿ ಮ್ಯಾಲೆ ಕೂತಂಗೇ ಇತ್ತು. ನಾಕು ದಿಕ್ಕೂ ಕಾಣ್ತದೆ. ಮಿಕ್ಕಿದ್ ಕಾರೆಲ್ಲ ಡಬ್ಬಿ."

ಎತ್ತುಗಳು ಒಂದು ಲಾರಿಯಲ್ಲಿ ಶಂಕಗಿರಿಗೆ ಹೋದವು, ಅದೇ ಲಾರಿ ತಿರುಗಿ ಬರುವಾಗ ಕಾರನ್ನು ಹೊತ್ತು ತಂದಿತು. ಎತ್ತು ಕಟ್ಟುತ್ತಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದರು. ಅವ್ವ ಒಂದು ವಾರ ಸರಿಯಾಗಿ ಉಣ್ಣಲಿಲ್ಲವಂತೆ. ಎತ್ತುಗಳ ನೆನಪಾಗಿ ಅಳುತ್ತಿದ್ದಳು, ಎದ್ದು ಹೋಗಿ ಕಾರಿನ ಧೂಳು ಒರೆಸುತ್ತಿದ್ದಳು.

ಮೊದಲಾಳಿ ತಮ್ಮ ಲಾರಿ ಮೆಕ್ಯಾನಿಕ್ಕನ್ನು ಕಳಿಸಿಕೊಟ್ಟರು. ಆಗ ನಮ್ಮ ದೇಶದಲ್ಲೇ ತಯಾರಾಗುತ್ತಿದ್ದ ಒಂದು ಸಾಧಾರಣ ಕಾರಿನ ಮೂಲವೂ ಇಟಲಿಯದೇ ಆದ್ದರಿಂದ ಅದರ ಕೆಲವು ಭಾಗಗಳು ಇದಕ್ಕೂ ಹೊಂದಿದವು. ಹೊಂದದವನ್ನು ಶಂಕಗಿರಿಯ ಲೇತಿನಲ್ಲಿ ಮಾಡಿಸಿ ತಂದರು. ಮೇಲಿನ ಹೊದಿಕೆ ಪೂರ್ತಿ ಕೊಳೆತಿತ್ತು. ಲಾರಿಗೆ ಹೊದಿಸುವ ಹಸಿರು ತಾರ್ಪಾಲನ್ನು ಅಳತೆಗೆ ಹೊಲಿಸಿ ಹಾಕಿದರು. ಆ ಮಳೆಗಾಲ ಮುಗಿಯುವ ಹೊತ್ತಿಗೆ ಎಂಜಿನ್ ಮಾತಾಡಿತು. ಅವ್ವ ಓಡಿಸಲು ಕಲಿತದ್ದು ಮುಂದಿನ ಬೇಸಿಗೆಯಲ್ಲಿ, ಅದೇ ಬಯಲಿನಲ್ಲಿ. ಎದುರಿಗೆ ಗಾಡಿಯಿಲ್ಲ, ಮರವಿಲ್ಲ, ಹೇಗೆ ತಿರುಗಿಸಿದರೂ ಯಾರಿಗೂ ತಗಲುವುದಿಲ್ಲ.

ಹದಿನೆಂಟು ತುಂಬಿದ ಮೇಲೆ ಮೊದಲಾಳಿ ತಾವೇ ಬಂದು ಕಾರನ್ನು ಅವಳ ಹೆಸರಿಗೆ ಬರೆಸಿದರು. ಲೈಸೆನ್ಸಿನ ಪರೀಕ್ಷೆಗೆ ಧರ್ಮಪುರಿಗೆ ಹೋದಾಗ ಅಲ್ಲಿನ ಅಧಿಕಾರಿ ಕಾರಿನ ಸುತ್ತ ಓಡಾಡಿ, "ಡ್ರೈವರ್ ಎಲ್ಲಮ್ಮ?" ಎಂದು ತಮಿಳಿನಲ್ಲಿ ಕೇಳಿದರಂತೆ. ಅವ್ವ ಸೆರಗು ಸಿಕ್ಕಿಸಿಕೊಂಡು ಬಾಗಿಲು ತೆಗೆದು, "ನಾನೇ. ಕೂತ್ಕೊಳಿ ಸಾರ್," ಅಂದಳು. ಅವರು ಕೂತರು. ಇಳಿಯುವಾಗ ಸಹಿ ಹಾಕಿ, ಇನ್ನೊಂದು ಸುತ್ತು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿದರಂತೆ.

ಅಪ್ಪನ ಊರು ಈಚೆ ದಡದಲ್ಲಿ, ಅಂದರೆ ನಾವೀಗ ಇರುವ ಊರು. ಎರಡು ಊರುಗಳಿಗೂ ನಡುವೆ ಅಣೆಕಟ್ಟಿನ ನೀರು. ಜನ ದೋಣಿಯಲ್ಲಿ ದಾಟುತ್ತಾರೆ. ರಸ್ತೆಯಲ್ಲಾದರೆ ಮೆಟ್ಟೂರು ಸುತ್ತಿ ಬರಬೇಕು. ಮದುವೆ ಅವ್ವನ ಊರಿನಲ್ಲಾಯಿತು. ಮದುಮಕ್ಕಳು ಮಧ್ಯಾಹ್ನದೊಳಗೆ ಮನೆ ತುಂಬಬೇಕೆಂದು ಗಂಡಿನ ಕಡೆಯ ಹಿರಿಯರು ಹೇಳಿದರು. ದೋಣಿಯೇ ಗತಿ. ಕಾರನ್ನು ಬಿಟ್ಟು ಬಾ, ಆಮೇಲೆ ಯಾರಾದರೂ ತರುತ್ತಾರೆ ಅಂದರು.

"ಯಾರಾದ್ರೂ ಅಂದ್ರೆ ಯಾರು? ಅದ ಓಡ್ಸಾಕೆ ಬರಾದು ನಂಗೊಬ್ಳಿಗೇ," ಅಂದಳು ಮದುಮಗಳು.

ಅವಳ ಮಾತಿಗೆ ದೋಣಿಯವರೇ ಮೊದಲು ತಲೆಯಾಡಿಸಿದರು. ಎರಡು ದೊಡ್ಡ ದೋಣಿಗಳನ್ನು ಪಕ್ಕಪಕ್ಕ ಕಟ್ಟಿ, ಮೇಲೆ ತಾಳೆಮರದ ದಿಮ್ಮಿ, ಹಲಗೆ ಹಾಸಿದರು. ಅವ್ವ ಬಾಸಿಂಗ ಕಟ್ಟಿಕೊಂಡೇ ಕಾರನ್ನು ನಿಧಾನವಾಗಿ ಹಲಗೆಯ ಮೇಲೆ ಹತ್ತಿಸಿದಳು. ಅಪ್ಪ ಪಕ್ಕದಲ್ಲಿ ಕೂತಿದ್ದ. ನಡುನೀರಿನಲ್ಲಿ ಗಾಳಿ ಎದ್ದು ದೋಣಿ ತೂಗಿದಾಗ ಏನಾಯಿತೆಂದು ಅಪ್ಪ ನಗುತ್ತ ಹೇಳುತ್ತಿದ್ದ: "ನಿಮ್ಮವ್ವ ಬ್ರೇಕು ಇಡ್ಕೊಂಡಿದ್ಲು. ನಾನು ಮಾದಪ್ಪನ್ನ ಇಡ್ಕೊಂಡಿದ್ದೆ."

ಈ ದಡದಲ್ಲಿ ಊರಿಗೆ ಊರೇ ಬಂದು ನಿಂತಿತ್ತು. ಮರಳಿನ ಏರು. ದೋಣಿಯವರು ನೂಕಲು ಇಳಿದರು. ಅವ್ವ ಬೇಡವೆಂದು ಕೈಯಾಡಿಸಿ, ಒಂದೇ ಉಸಿರಿಗೆ ಏರು ಹತ್ತಿಸಿ, ನೇರ ಮನೆಯ ಮುಂದೆ ನಿಲ್ಲಿಸಿದಳು. ಆರತಿ ತಟ್ಟೆ ಹಿಡಿದು ಬಂದ ನನ್ನ ಅಜ್ಜಿ ಸೊಸೆಗೆ ಎತ್ತಬೇಕೋ ಕಾರಿಗೆ ಎತ್ತಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಎತ್ತಿದಳಂತೆ.

ನಾನು ಹುಟ್ಟುವ ಹೊತ್ತಿಗೆ ಅದು ಸುತ್ತಲ ಹಳ್ಳಿಗಳಿಗೆಲ್ಲ ಗೊತ್ತಿದ್ದ ಕಾರು. ಮಕ್ಕಳು ಅದನ್ನು ಮೊಟ್ಟೆ ಕಾರು ಅನ್ನುತ್ತಿದ್ದರು. ತಮಿಳಿನಲ್ಲಿ ಹಾಗೆಂದರೆ ಬೋಳು ಕಾರು. ಬೆಳಿಗ್ಗೆ ಅವ್ವ ಪಕ್ಕದ ಸೀಟಿನಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ಕೊಳತ್ತೂರಿಗೆ ಹೋಗುತ್ತಿದ್ದಳು. ಬರುವಾಗ ಹಿಂಡಿ, ಬೂಸಾ. ನಾನು ಮೂಟೆಯ ಮೇಲೆ. ಅಪ್ಪ ಕಾರು ಓಡಿಸಲು ಕಲಿಯಲೇ ಇಲ್ಲ. ಭಾನುವಾರ ಅದನ್ನು ತೊಳೆಯುವುದು ಅವನ ಕೆಲಸ. ಯಾರಾದರೂ ಹೆಂಡತಿಯ ಬಗ್ಗೆ ಚುಚ್ಚಿ ಆಡಿದರೆ, "ನಿಂಗೆ ಒಟ್ಟೆ ಉರಿ," ಎಂದು ಹೇಳಿ ಮತ್ತೆ ಬಟ್ಟೆ ಹಿಂಡಿ ಒರೆಸುತ್ತಿದ್ದ.

ಮದುವೆಗಳ ಕಾಲದಲ್ಲಿ ಅವ್ವನಿಗೆ ಬಿಡುವಿರುತ್ತಿರಲಿಲ್ಲ. ಆ ಕಾರಿನಲ್ಲಿ ಡ್ರೈವರ್ ಬಿಟ್ಟರೆ ಒಬ್ಬರೇ ಕೂರಬಹುದು. ಆ ಒಬ್ಬರು ಮದುಮಗಳೇ ಆಗಬೇಕೆಂಬುದು ಅವ್ವನ ಕಟ್ಟಳೆ. ಗಂಡು ಹಿಂದೆ ಟೆಂಪೋದಲ್ಲಿ ಬರಬೇಕು. ಒಮ್ಮೆ ಮೇಚೇರಿ ಕಡೆಯ ಗಂಡೊಬ್ಬ ಮುನಿಸಿಕೊಂಡು, "ಮೆರವಣಿಗೆ ನನ್ನದು. ನಾನೇ ಕೂರಬೇಕು," ಎಂದು ಹಟ ಹಿಡಿದ.

"ಕೂತ್ಕಳಪ್ಪ. ಆದ್ರೆ ಅವ್ಳು ಓಡಸ್ಬೇಕಾಯ್ತದೆ. ನಾನು ಇಳಿದ್ಬಿಡ್ತೀನಿ," ಅಂದಳು ಅವ್ವ. ಹುಡುಗಿ ನಕ್ಕುಬಿಟ್ಟಳು, ಅವಳ ನಗು ನೋಡಿ ಅವನೂ ನಕ್ಕು ಟೆಂಪೋ ಹತ್ತಿದ. ಧಾರೆ ಸೀರೆ, ತಲೆ ತುಂಬ ಹೂವು, ಎರಡೂ ಕೈಯಲ್ಲಿ ಹೂವು ಹಾರದಂತೆ ಹಿಡಿದುಕೊಂಡು ಗಾಳಿಗೆ ಮುಖವೊಡ್ಡಿ ಕೂತ ಎಷ್ಟು ಮದುವಣಗಿತ್ತಿಯರನ್ನು ನಾನು ನೋಡಿದ್ದೇನೋ. ಎಲ್ಲರ ಮನೆಯಲ್ಲೂ ಆ ಫೋಟೋ ಇದೆ.

ಆ ಫೋಟೋಗಳಲ್ಲಿ ಒಂದರಿಂದಲೇ ಈಚಿನ ಕಥೆ ಶುರುವಾಯಿತು. ಹುಡುಗಿಯೊಬ್ಬಳು ತನ್ನ ಅಜ್ಜಿಯ ಮದುವೆಯ ಚಿತ್ರವನ್ನು ಫೋನಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದ್ದಳು. ಅದನ್ನು ನೋಡಿ, ಹಳೆಯ ಕಾರುಗಳನ್ನು ಕೂಡಿಡುವ ಹವ್ಯಾಸವಿರುವ ಕೊಯಮತ್ತೂರಿನ ಒಬ್ಬರು ನಮ್ಮ ಊರನ್ನು ಹುಡುಕಿಕೊಂಡು ಬಂದರು. ಅಪ್ಪ ತೀರಿಹೋಗಿ ಆಗಲೇ ಕೆಲವು ವರ್ಷವಾಗಿತ್ತು. ಮಂಡಿ ನೋವಿನಿಂದ ಅವ್ವ ಕಾರು ಓಡಿಸುವುದನ್ನು ಬಿಟ್ಟಿದ್ದಳು. ನಾನು ವಾರಕ್ಕೊಮ್ಮೆ ಎಂಜಿನ್ ಹಾಕಿ ಊರಾಚೆಯ ಗುಡಿಯವರೆಗೆ ಹೋಗಿ ಬರುತ್ತಿದ್ದೆ, ಅಷ್ಟೆ. ಬಂದವರು ಬಾನೆಟ್ ಎತ್ತಿ, ಒಳಗೆ ಟಾರ್ಚು ಬಿಟ್ಟು, ಚಾಸಿಸ್ಸಿನ ಮೇಲಿನ ಅಂಕಿಗಳನ್ನು ಓದಿದರು. ಹೊರಗೆ ಬಂದು ಕಣ್ಣೊರೆಸಿಕೊಂಡರು. ಅದು ಬೆವರೋ ಏನೋ ನನಗೆ ತಿಳಿಯಲಿಲ್ಲ.

"ಅಮ್ಮಾ, ಇದು ಸತ್ತೇ ಹೋಗಿದೆ ಅಂದುಕೊಂಡಿದ್ದೆವು," ಅಂದರು.

ಅವರು ಕೊಳ್ಳಲು ಬಂದಿದ್ದರು. ಅವ್ವ ಮಾರುವುದಿಲ್ಲವೆಂದಳು, ಊಟಕ್ಕೆ ಕೂರಿಸಿದಳು. ಉಣ್ಣುತ್ತ ಅವರು ಇನ್ನೊಂದು ಮಾತು ತೆಗೆದರು. ಏರ್ಕಾಡಿನಲ್ಲಿ ಹಳೆಯ ಕಾರುಗಳ ಒಂದು ಪ್ರದರ್ಶನ ನಡೆಯಲಿದೆ, ಈ ಕಾರು ಅಲ್ಲಿ ನಿಲ್ಲಬೇಕು. ಅದಕ್ಕೆ ಒಂದೇ ಒಂದು ಬೇಕು: ಮೊದಲಿನಿಂದ ಇಂದಿನವರೆಗೆ ಕಾರು ಯಾರ ಯಾರ ಕೈಗೆ ಹೇಗೆ ಬಂತೆಂಬ ಚರಿತ್ರೆ. ಅವ್ವ ಹೇಳುತ್ತಾ ಹೋದಳು, ಅವರು ಬರೆದುಕೊಂಡರು. ಎತ್ತಿನ ಮಾತು ಬಂದಾಗ ಪೆನ್ನು ನಿಂತಿತು.

"ಎತ್ತು ಅಂತ ಬರೆದರೆ ಕಟ್ಟುಕಥೆ ಅನ್ನುತ್ತಾರಮ್ಮ. ಆ ಕಾಲಕ್ಕೆ ಸರಿಹೋಗುವ ಒಂದು ಬೆಲೆ ಬರೆದುಬಿಡೋಣ," ಎಂದರು ತುಂಬ ಮರ್ಯಾದೆಯಿಂದ.

ಅವ್ವ ಬಡಿಸುತ್ತಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ನಾನು ರೂಪಾಯಿ ಕೊಡ್ಲಿಲ್ಲ ಸಾಮಿ. ನನ್ನ ಎತ್ತು ಕೊಟ್ಟೆ. ಎತ್ತು ಅಂತ್ಲೇ ಬರೀರಿ. ಇಲ್ಲಾಂದ್ರೆ ಕಾರು ಎಲ್ಲಿಗೂ ಬರಾಕಿಲ್ಲ."

ಅವರಿಗೆ ಅರ್ಥವಾಗಲೆಂದು ಅದನ್ನೇ ತಮಿಳಿನಲ್ಲೂ ಹೇಳಿದಳು. ನನಗೆ ಅವ್ವನ ಮೇಲೆ ಸ್ವಲ್ಪ ಸಿಟ್ಟೂ ಬಂತು, ಅದಕ್ಕಿಂತ ಹೆಚ್ಚು ಹೆಮ್ಮೆಯೂ ಆಯಿತು. ಬಂದವರು ಯೋಚಿಸಿ, "ಸರಿಯಮ್ಮ. ಶಂಕಗಿರಿಯಲ್ಲಿ ಆ ಮನೆಯವರು ಯಾರಾದರೂ ಇದ್ದು ಹೌದು ಅಂದರೆ ಸಾಕು, ಹಾಗೇ ಬರೆಯುತ್ತೇನೆ," ಎಂದರು.

ಮುಂದಿನ ಶನಿವಾರ ಮೂವರೂ ಶಂಕಗಿರಿಗೆ ಹೋದೆವು. ಮೊದಲಾಳಿ ಈಗಿಲ್ಲ. ಆ ಹಳೆಯ ಶೆಡ್ಡಿನ ಜಾಗದಲ್ಲಿ ದೊಡ್ಡ ಆಫೀಸು ಎದ್ದಿದೆ. ಅವರ ಮಗ, ಅವ್ವನಿಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಮೇಜಿನ ಹಿಂದೆ ಕೂತಿದ್ದರು. ನಾನು ಅವ್ವನ ತವರಿನ ಹೆಸರು ಹೇಳಿ, ಹಳೆಯ ಕಾರಿನ ವಿಷಯ ಎತ್ತುತ್ತಿದ್ದ ಹಾಗೆ ಅವರು ಅವ್ವನ ಮುಖ ನೋಡಿ ಎದ್ದು ನಿಂತರು.

"ಮಾಟುಕಾರ ಅಕ್ಕನಾ?" ಎಂದು ಕೇಳಿದರು. ಎತ್ತಿನ ಅಕ್ಕನಾ ಎಂದು. ಅವರ ಮನೆಯಲ್ಲಿ ಅವ್ವನಿಗೆ ಅದೇ ಹೆಸರಂತೆ.

ಅವ್ವ ಕೂರಲಿಲ್ಲ. "ಎತ್ತುಗೋಳ್ನ ಮಾರಿದ್ರಾ?" ಎಂದು ಮೊದಲು ಕೇಳಿದಳು. ಅಷ್ಟು ವರ್ಷ ಅವಳು ಶಂಕಗಿರಿಗೆ ಒಮ್ಮೆಯೂ ಬಂದಿರಲಿಲ್ಲ. ನೋಡಿದರೆ ಅವು ತನ್ನ ಹಿಂದೆಯೇ ಬಂದುಬಿಡುತ್ತವೆ ಎಂದು ಹೆದರಿಕೆಯಿತ್ತೆಂದು ಆಮೇಲೆ ನನಗೆ ಹೇಳಿದಳು.

"ಇಲ್ಲಕ್ಕ. ಅಪ್ಪ ಕೈಬಿಡಲೇ ಇಲ್ಲ. ಮುಪ್ಪಾಗಿ ನಮ್ಮ ತೋಟದಲ್ಲೇ ಹೋದವು. ಬೇವಿನ ಕೆಳಗೆ ಎರಡನ್ನೂ ಪಕ್ಕಪಕ್ಕ ಮಣ್ಣು ಮಾಡಿದ್ದೇವೆ," ಎಂದು ಅವರು ಹೇಳಿ, ಅವ್ವನ ಕೈ ಹಿಡಿದು, "ಬನ್ನಿ, ಒಂದು ತೋರಿಸಬೇಕು," ಎಂದು ಹಿತ್ತಲಿಗೆ ಕರೆದುಕೊಂಡು ಹೋದರು.

ಅಲ್ಲಿ ಲಾರಿಗಳು ಹಿಂಬದಿ ನಮ್ಮ ಕಡೆಗೆ ಮಾಡಿ ಸಾಲಾಗಿ ನಿಂತಿದ್ದವು. ಒಂದೊಂದು ಲಾರಿಯ ಹಿಂದಿನ ಹಲಗೆಯ ಮೇಲೂ ಜೋಡಿ ಎತ್ತುಗಳ ಚಿತ್ರ. ಬೂದು ಮೈ, ಹಿಂದಕ್ಕೆ ಬಾಗಿದ ಕೊಂಬು, ಕೊರಳಲ್ಲಿ ಗಂಟೆ. ಎತ್ತು ಬಂದ ವರ್ಷವೇ ಕೈಗೆ ಒಳ್ಳೆಯ ಬಾಡಿಗೆಗಳು ಬಂದವೆಂದು ಮೊದಲಾಳಿ ಮೊದಲ ಚಿತ್ರ ಬರೆಸಿದರಂತೆ. ಇಂದಿಗೂ ಹೊಸ ಲಾರಿ ಬಂದರೆ ಆ ಚಿತ್ರ ಬರೆಸದೆ ರಸ್ತೆಗೆ ಬಿಡುವುದಿಲ್ಲ.

ಅವ್ವ ಹತ್ತಿರ ಹೋಗಿ ಕನ್ನಡಕ ಸರಿಮಾಡಿಕೊಂಡಳು. ಎಡದ ಎತ್ತಿನ ಕೊಂಬಿನ ತುದಿ ಮುರಿದಿತ್ತು. ಪಕ್ಕದ ಲಾರಿ ನೋಡಿದಳು, ಅದರಲ್ಲೂ ಹಾಗೇ.

"ತುದಿ ಮುರಿದೇ ಬರೆಯಬೇಕೆಂದು ಅಪ್ಪ ಪೇಂಟರಿಗೆ ಹೇಳುತ್ತಿದ್ದರು," ಅಂದರು ಮಗ.

"ಕಲ್ಲು ಕಟ್ಟೆಗೆ ಗುದ್ದಿ ಮುರ್ಕೊಂಡಿದ್ದ. ಕರುವಾಗಿದ್ದಾಗ್ಲೇ ಬಲು ತುಂಟ," ಎಂದು ಅವ್ವ ಆ ಬಣ್ಣದ ಮೇಲೆ ಕೈಯಾಡಿಸಿದಳು. ಅವಳು ಅಳಬಹುದೆಂದು ನಾನು ಹತ್ತಿರ ಹೋದೆ. ಅವಳು ಅಳುತ್ತಿರಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಡೆದು ಒಂದೊಂದೇ ಲಾರಿಯನ್ನು ನೋಡಿದಳು. ತಲೆಯೆತ್ತಿ ನಡೆಯುತ್ತಿದ್ದಳು. ಮೆಟ್ಟೂರಿನ ರಸ್ತೆಯಲ್ಲಿ ಈ ಲಾರಿಗಳ ಹಿಂದೆ ಬಸ್ಸಿನಲ್ಲಿ ಕೂತು ನಾನು ಎಷ್ಟು ಸಲ ಶಾಲೆಗೆ ಹೋಗಿದ್ದೇನೋ! ಎತ್ತಿನ ಚಿತ್ರವೆಂದು ನೋಡಿದ್ದೆ, ನಮ್ಮ ಎತ್ತೆಂದು ಗೊತ್ತಿರಲಿಲ್ಲ. ಕೊಯಮತ್ತೂರಿನವರು ಫೋಟೋ ತೆಗೆದುಕೊಳ್ಳುತ್ತಿದ್ದರು.

ಪ್ರದರ್ಶನಕ್ಕೆ ಮೊದಲು ಅವ್ವ ನನ್ನನ್ನು ಮೆಟ್ಟೂರಿನ ಸಾರಿಗೆ ಕಚೇರಿಗೆ ಕರೆದುಕೊಂಡು ಹೋಗಿ ಕಾರನ್ನು ನನ್ನ ಹೆಸರಿಗೆ ಮಾಡಿಸಿದಳು. ನಾನು ಬೇಡವೆಂದೆ. "ಓಡ್ಸೋರ ಎಸರಲ್ಲಿರ್ಬೇಕು ವಂಡಿ," ಅಂದಳು. ಎಂಜಿನ್ನಿನ ಕೆಲಸವನ್ನು ಕೊಯಮತ್ತೂರಿನವರು ತಮ್ಮ ಜನರಿಂದ ಮಾಡಿಸಿಕೊಟ್ಟರು. ತಾರ್ಪಾಲಿನ ಹೊದಿಕೆಯನ್ನು ತೆಗೆಸಿ ಬೇರೆ ಹಾಕೋಣವೆಂದರು; ಅವ್ವ ಬಿಡಲಿಲ್ಲ.

ಏರ್ಕಾಡಿನ ತಿರುವುಗಳನ್ನು ನಾನೇ ಹತ್ತಿಸಿದೆ. ಅವ್ವ ಪಕ್ಕದಲ್ಲಿ ಹಳೆಯ ಕೆಂಪು ರೇಷ್ಮೆ ಸೀರೆಯುಟ್ಟು, ತಲೆಗೆ ಟವಲು ಕಟ್ಟಿಕೊಂಡು ಕೂತಿದ್ದಳು. ಪ್ರತಿ ತಿರುವಿನಲ್ಲೂ, "ಗೇರು, ಗೇರು," ಅನ್ನುತ್ತಿದ್ದಳು. ಮೇಲೆ ಕೆರೆಯ ಪಕ್ಕ ಕಾರುಗಳು ಹೊಳೆಯುತ್ತ ನಿಂತಿದ್ದವು. ಹಸಿರು ತಾರ್ಪಾಲಿನ ಹೊದಿಕೆಯಿದ್ದದ್ದು ನಮ್ಮದೊಂದೇ. ಅದರ ಮುಂದೆ ಒಂದು ಬೋರ್ಡು: ತೋಟದ ದೊರೆ, ಸಿನಿಮಾ ಸಾಮಾನಿನವರು, ಶಂಕಗಿರಿಯ ಲಾರಿ ಮಾಲೀಕರು. ನಾಲ್ಕನೆಯ ಸಾಲಿನಲ್ಲಿ ಅವ್ವನ ಹೆಸರು, ಅದರ ಮುಂದೆ ಇಂಗ್ಲಿಷಿನಲ್ಲೂ ತಮಿಳಿನಲ್ಲೂ, ಒಂದು ಜೋಡಿ ಆಲಂಬಾಡಿ ಎತ್ತುಗಳಿಗೆ ಬದಲಾಗಿ, ಎಂದಿತ್ತು. ಕೊನೆಯಲ್ಲಿ ನನ್ನ ಹೆಸರು. ನಾನು ಒಂದು ರಟ್ಟಿನ ಮೇಲೆ ಅಷ್ಟನ್ನೂ ಕನ್ನಡದಲ್ಲಿ ಬರೆದು ತಂದಿದ್ದೆ. ಅದನ್ನೂ ಪಕ್ಕದಲ್ಲಿ ನಿಲ್ಲಿಸಿದೆ.

ಜನ ಎಲ್ಲ ಕಾರುಗಳನ್ನೂ ನೋಡಿ ಬಂದು ನಮ್ಮ ಬೋರ್ಡಿನ ಮುಂದೆ ನಿಲ್ಲುತ್ತಿದ್ದರು. ಮೊದಲಾಳಿಯ ಮಗ ತಮ್ಮ ಮನೆಯವರನ್ನೆಲ್ಲ ಕರೆತಂದಿದ್ದರು. ಬೆಂಗಳೂರಿನಿಂದ ಬಂದಿದ್ದ ಶ್ರೀಮಂತರೊಬ್ಬರು ರಟ್ಟಿನ ಮೇಲಿನ ಕನ್ನಡ ಓದಿ ಸಂತೋಷಪಟ್ಟು, "ಅಮ್ಮ, ಎರಡು ಎತ್ತಿಗೆ ಇಂಥ ಕಾರು! ಒಳ್ಳೆ ಲಾಭ ಆಯಿತಲ್ಲ?" ಎಂದರು.

"ನೀವು ಎತ್ತು ಸಾಕಿದೀರಾ?" ಎಂದು ಅವ್ವ ಕೇಳಿದಳು. ಅವರು ಇಲ್ಲವೆಂದು ನಕ್ಕರು. "ಅದಕ್ಕೇ ಅಂಗಂತೀರಿ. ಲಾಭ ಮೊದಲಾಳೀಗೇ ಆಗಿದ್ದು," ಅಂದಳು. ಮೊದಲಾಳಿಯ ಮಗನಿಗೆ ಅದನ್ನು ನಾನು ತಮಿಳಿನಲ್ಲಿ ಹೇಳಿದಾಗ ಅವರು ಎರಡೂ ಕೈ ಎತ್ತಿ ಮುಗಿದರು.

ನಮಗೆ ಬಹುಮಾನ ಬರಲಿಲ್ಲ. ಹೊದಿಕೆ ಮೂಲದ್ದಲ್ಲ, ಬಿಡಿಭಾಗಗಳು ಮೂಲದವಲ್ಲ ಎಂದು ತೀರ್ಪುಗಾರರು ಬೇಸರದಿಂದಲೇ ಹೇಳಿದರು. ಅವ್ವ ಅದಕ್ಕೆ ತಲೆಕೆಡಿಸಿಕೊಳ್ಳಲಿಲ್ಲ. ಅಲ್ಲಿನ ಮೆಣಸು, ಕಿತ್ತಳೆ ಕೊಂಡು ಸೀಟಿನ ಹಿಂದೆ ಇರಿಸಿದಳು. ಸಂಜೆಯ ಬಿಸಿಲಿರುವಾಗಲೇ ಬೆಟ್ಟ ಇಳಿದು ಸೇಲಂ ಸೇರಿದೆವು.

ಊರೊಳಗಿನ ಒಂದು ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಪಕ್ಕದಲ್ಲಿ ಸ್ಕೂಟರಿನ ಮೇಲೆ ಕಾಲೇಜು ಹುಡುಗಿಯರಿಬ್ಬರು ಬಂದು ನಿಂತರು. ಹಿಂದೆ ಕೂತವಳು ಬಗ್ಗಿ ಕಾರಿನೊಳಗೆಲ್ಲ ಕಣ್ಣಾಡಿಸಿ, "ಆಂಟಿ, ಯಾರೋಡ ವಂಡಿ?" ಎಂದು ಕೇಳಿದಳು. ಯಾರ ಗಾಡಿಯೆಂದು ಎಲ್ಲಿ ಯಾರು ಕೇಳಿದರೂ ನಮ್ಮವ್ವನದು ಎಂದು ಹೇಳಿ ನನಗೆ ರೂಢಿ. ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ತಲೆಯ ಟವಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ನನ್ನ ಭುಜ ಮುಟ್ಟಿ, "ಎನ್ ಪೊಣ್ಣೋಡದು. ನನ್ನ ಮಗಳ್ದು," ಎಂದು ಎರಡೂ ಭಾಷೆಯಲ್ಲಿ ಹೇಳಿದಳು.

ಹಸಿರು ದೀಪ ಬಿತ್ತು. ನನ್ನ ಕಣ್ಣು ಮಂಜಾಗಿತ್ತು. ಹಿಂದಿನ ಬಸ್ಸಿನವನು ಹಾರ್ನ್ ಹೊಡೆದ.

"ಗೇರು," ಅಂದಳು ಅವ್ವ.